ಆರು ವಾರದ ಗೋಧಿ

ಮಕ್ಕಳ ಆಸ್ಪತ್ರೆಯ ಲ್ಯಾಬಿನ ಮುಂದಿನ ಬೆಂಚಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕುಳಿತಿದ್ದರು. ಐದು ವರ್ಷದ ಮಗಳು ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ರಕ್ತ ತೆಗೆದ ಬೆರಳಿಗೆ ಹತ್ತಿ ಅಂಟಿಕೊಂಡಿತ್ತು.

"ಹತ್ತು ನಿಮಿಷದ ಟೆಸ್ಟು, ಒಂದೇ ಗೆರೆ ಬಂತು. ಅಂದ್ರೆ ಏನೂ ಇಲ್ಲ. ಗೋಧಿ ಆಗಲ್ಲ ಅನ್ನೋದೆಲ್ಲ ಸ್ಕೂಲು ತಪ್ಪಿಸೋ ನಾಟಕ. ನಾನು ಮೊದಲೇ ಹೇಳ್ಲಿಲ್ವಾ?" ಎಂದ ಗಂಡ.

"ಡಾಕ್ಟರ್ ಹೇಳಿದ್ದು ಅರ್ಧ ಮಾತ್ರ ಕೇಳಿಸ್ಕೊಂಡ್ರಾ? ಗೋಧಿ ತಿಂತಾ ಇದ್ರೆ ಮಾತ್ರ ಟೆಸ್ಟು ಸರಿಯಾಗಿ ತೋರಿಸುತ್ತಂತೆ. ಇವಳು ತಿನ್ನೋದು ಬಿಟ್ಟು ಎರಡು ತಿಂಗಳಾಯ್ತು."

"ಬಿಡಿಸು ಅಂತ ಯಾರೇ ಹೇಳಿದ್ದು? ನೀನೇನು ಡಾಕ್ಟರಾ?"

"ಬಿಡಿಸಿದ ಮೇಲೇ ಅವಳು ಹೊಟ್ಟೆ ಹಿಡ್ಕೊಂಡು ಅಳೋದು ನಿಂತಿದ್ದು. ಅಳು ಕೇಳಿಸಬಾರದು ಅಂತ ಟಿವಿ ಜೋರು ಮಾಡ್ತಿದ್ರಲ್ಲ, ನಿಮಗೆಲ್ಲಿ ಗೊತ್ತಾಗ್ಬೇಕು?"

"ಮೆಲ್ಲಗೆ ಮಾತಾಡು, ಜನ ನೋಡ್ತಾರೆ."

"ನೋಡ್ಲಿ. ಆರು ವಾರ ದಿನಾ ಗೋಧಿ ಕೊಟ್ಟು ಮತ್ತೆ ಟೆಸ್ಟ್ ಮಾಡಿಸ್ಬೇಕಂತೆ. ನಾಳೆಯಿಂದ ದಿನಕ್ಕೆರಡು ಬ್ರೆಡ್ಡು, ನೀವೇ ತಿನ್ಸಿ."

"ನಾನಾ? ಅದೆಲ್ಲ ನನ್ನ ಕೈಲಾಗಲ್ಲ. ಅತ್ರೆ ಏನು ಮಾಡ್ಲಿ?"

"ಯಾಕ್ರೀ ಅಳ್ತಾಳೆ? ನಾಟಕ ತಾನೇ?"

ಅವನು ಎಚ್ಚರವಾಗದಂತೆ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬಾಗಿಲಿನತ್ತ ನಡೆದ. ಅವಳು ಟೆಸ್ಟಿನ ಚೀಟಿ ಮಡಚಿಕೊಂಡು ಹಿಂದೆಯೇ ಹೋದಳು.