ಬೀದೀಲಿ ಚಿತ್ ಅನ್ನೋರಿಲ್ಲ

...ನಿನ್ನ ಕೈಲಿ ಆಗಾಕಿಲ್ಲ ಅಂದೋನು ಬೇರೆ ಯಾರೂ ಅಲ್ಲ ಕಣವ್ವ, ನನ್ನ ಒಡಹುಟ್ಟಿದ ಅಣ್ಣ, ಸಿದ್ದಣ್ಣ. ನಿಮ್ಮ ತಾತ ತೆಂಗಿನ ಮರದಿಂದ ಬಿದ್ದು ಸೊಂಟ ಮುರ್ಕೊಂಡು ಮಲಗಿದ್ರಲ್ಲ, ಆಗ. ಮನೇಲಿ ಎರಡು ಕೂಸು, ಮಂಚದ ಮೇಲೆ ಗಂಡ. ಇನ್ಮೇಲೆ ನಾನೇ ಮಳವಳ್ಳಿ ಬಸ್ ಸ್ಟಾಂಡಲ್ಲಿ ಎಳನೀರು ಕೊಚ್ಚಿ ಮಾರ್ತೀನಿ ಅಂದೆ. ಅವನು ಕಿರುಗಾವಲಲ್ಲಿ ನಮ್ಮಪ್ಪನ ಮನೆ ಜಗಲಿ ಮೇಲೆ ಕಾಲ್ಮೇಲೆ ಕಾಲು ಹಾಕ್ಕೊಂಡು, "ಬಸ್ ಸ್ಟಾಂಡು ಅಂದ್ರೆ ಏನಂದ್ಕಂಡಿದ್ದೀಯವ್ವ? ಗಂಡಸ್ರೇ ಅಲ್ಲಿ ನಿಲ್ಲಾಕಾಗಾಕಿಲ್ಲ. ತಿಂಗ್ಳು ತುಂಬಾಕಿಲ್ಲ, ಅಳ್ತಾ ವಾಪಸ್ ಬತ್ತೀಯ" ಅಂದ. ಅತ್ತಿಗೆ ಒಳಗಿಂದ್ಲೇ ನಕ್ಕಳು. ನಗ್ಲಿ ಬುಡು. ಮಾರನೇ ದಿನ ಮಚ್ಚನ್ನ ಗೋಣಿಚೀಲದಲ್ಲಿ ಸುತ್ಕೊಂಡು ಮೊದಲ್ನೇ ಬಸ್ಸು ಹತ್ತಿದೆ.

ಏಯ್, ಕಾಲು ಬೀಸಬ್ಯಾಡ ಅಲ್ಲಿ, ಹೂಕುಂಡ ಒಡೀತೀಯ. ನಿಮ್ಮಕ್ಕನ್ನ ನೋಡು ಮಗ, ಕರಾಟೆಗೆ ಸೇರ್ಕೊಂಡು ಹಳದಿ ಬೆಲ್ಟು ಬಂದಾಗಿಂದ ನೆಲದ ಮೇಲೆ ನಿಲ್ತಾನೇ ಇಲ್ಲ. "ಅಜ್ಜಿ, ಬೀದೀಲಿ ಯಾವನಾದ್ರೂ ಅಡ್ಡ ಬಂದ್ರೆ ಒಂದೇ ಒದೆ, ಮಕಾಡೆ ಬೀಳ್ತಾನೆ" ಅಂತಾಳೆ. ಬೀಳ್ತಾನೆ ಕಣವ್ವ. ಬೀಳಾಕಿಲ್ಲ ಅಂತ ನಾನಂದ್ನ? ಬಿದ್ದ ಮೇಲೆ ಏನಾಯ್ತದೆ, ಅದನ್ನ ಕೇಳು. ಕೂತ್ಕೋ ಇಲ್ಲಿ.

ನಮ್ಮಪ್ಪಂದು ಗರಡಿ ಮನೆ ಗೊತ್ತಾ ನಿಂಗೆ? ಈಗ ಅಲ್ಲಿ ಹಾಲಿನ ಡೈರಿ ಐತೆ. ಡೈರಿ ಅಲ್ಲ, ಡೈರಿ ಪಕ್ಕದ್ದು, ಅದು ಬುಡು. ಒಳಗೆ ಮೊಣಕಾಲುದ್ದ ಕೆಮ್ಮಣ್ಣು, ಅದಕ್ಕೆ ಮಜ್ಜಿಗೆ, ಅರಿಶಿನ, ಬೇವಿನೆಣ್ಣೆ ಹಾಕಿ ಹದ ಮಾಡೋರು. ಹೆಣ್ಮಕ್ಕಳು ಹೊಸ್ಲು ದಾಟಂಗಿಲ್ಲ. ನಾನು ಕಿಟಕೀಲಿ ನೋಡೋಳು. ಸಿದ್ದಣ್ಣ ಅಂದ್ರೆ ಸುತ್ತ ಊರಿಗೆಲ್ಲ ಹೆಸರು, ಕತ್ತು ಅನ್ನೋದೇ ಇರ್ಲಿಲ್ಲ ಅವನಿಗೆ, ತಲೆಯಿಂದ ಸೀದಾ ಬುಜ. ಅವರದ್ದೊಂದು ಕಟ್ಟಳೆ. ಮೊದಲು ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಇಡಬೇಕು. ಆಮೇಲೆ ಎದುರಿಗಿರೋ ಜೋಡಿ ಮೈಗೂ ಒಂದು ಹಿಡಿ ಮಣ್ಣು ಸವರಿ ಕೈ ಕೊಡಬೇಕು. ಬೆನ್ನು ಮಣ್ಣಿಗೆ ತಾಗ್ತಾ, ಕುಸ್ತಿ ಕಲಿಸೋ ಉಸ್ತಾದು "ಚಿತ್!" ಅಂದ್ನಾ, ಮುಗೀತು. ಅಲ್ಲಿಗೇ ಬುಟ್ಬುಡಬೇಕು. ಗೆದ್ದೋನೇ ಕೈ ಕೊಟ್ಟು ಬಿದ್ದೋನ್ನ ಎಬ್ಬಿಸಬೇಕು. ಇದನ್ನ ತಪ್ಪಿದೋನ್ಗೆ ನಮ್ಮಪ್ಪ ಬಾಗಿಲು ತೋರಿಸೋನು. ನಂಗೆ ಅಂತ ಹಿತ್ಲಲ್ಲಿ ಒಂದಷ್ಟು ದೊಣ್ಣೆ ವರಸೆ ಹೇಳ್ಕೊಟ್ಟಿದ್ದ, ಅಮ್ಮಂಗೆ ಗೊತ್ತಾಗ್ದಂಗೆ. "ಕೋಲ ನೋಡಬ್ಯಾಡ ಕಣವ್ವ, ಬುಜ ನೋಡು. ಬುಜ ಮೊದ್ಲು ಹೊರಡ್ತದೆ, ಕೋಲು ಆಮೇಲೆ ಬತ್ತದೆ" ಅನ್ನೋನು.

ಸರಿ, ಬಸ್ ಸ್ಟಾಂಡಿಗೆ ಬಂದೆ. ಗೇಟಿನ ಹತ್ರ ಒಂದು ಹೊಂಗೆ ಮರ, ಮೈಸೂರು ಕಡೆ ಬಸ್ಸೆಲ್ಲ ಅಲ್ಲೇ ತಿರುಗಬೇಕು. ಅದರಡಿ ಎಳನೀರು ಕೊಚ್ಚೋ ಕೊರಡು ಹಾಕ್ಕೊಂಡು ಕೂತೆ. ಬಸ್ಸಿನ ಬೋರ್ಡು ನೋಡಿ ನೋಡೇ ನಾನು ಅಕ್ಷರ ಕಲ್ತಿದ್ದು, ಯಾವ ಮೇಷ್ಟ್ರೂ ಹೇಳ್ಕೊಡ್ಲಿಲ್ಲ. ಮೊದಲು ಓದಿದ್ದು "ಮಳವಳ್ಳಿ". ಎರಡು ಸಲ ಬತ್ತದಲ್ಲ "ಳ", ಅದು ಹಿಡ್ಕೊಂಡ್ತು. ಈಗ ಪೇಪರಿನ ಮೂಲೆ ಮೂಲೆ ಓದ್ತೀನಿ. ಏನ್ ಹೇಳ್ತಿದ್ದೆ? ಹಾಂ, ಆ ಮರ. ತಿಂಗ್ಳು ಕಳೀತು, ಮಳೆಗಾಲ ಕಳೀತು, ಯಾಪಾರ ಹಿಡೀತು. ಆವಾಗ ಬಂದ ಗೋವಿಂದ. ಬಸ್ ಸ್ಟಾಂಡಲ್ಲಿ ಯಾರು ಎಲ್ಲಿ ಕೂರಬೇಕು ಅಂತ ಹೇಳೋನು ತಾನೇ ಅಂದ್ಕೊಂಡಿದ್ದ. ಯಾರು ಹೇಳಿದ್ರು ಅವನಿಗೆ? ಯಾರೂ ಇಲ್ಲ. "ಏಯ್ ಅಕ್ಕ, ಈ ಮರ ಖಾಲಿ ಮಾಡು. ನಮ್ಮ ಬಾಮೈದ ಇಲ್ಲಿ ಗಾಡಿ ಆಕ್ತಾನೆ."

"ನಿಮ್ಮ ಬಾಮೈದಂಗೆ ಬೇರೆ ಮರ ಇಲ್ವೇನಪ್ಪ?"

"ಓ, ಬಾಯಿ ಬೇರೆ ಐತಾ ನಿಂಗೆ! ಸಂತೆ ದಿನ ಬತ್ತೀನಿ. ಅಷ್ಟ್ರಲ್ಲಿ ಎತ್ತಿದ್ರೆ ಸರಿ."

ಆ ಮರ ಹೋದ್ರೆ ನಂಗೆ ಬೇರೆ ದಾರಿ ಇರ್ಲಿಲ್ಲ, ತಿಳ್ಕೊ. ಸ್ಟಾಂಡಿನ ಹಿಂದುಗಡೆ ಕೂತ್ರೆ ಯಾರು ಬತ್ತಾರೆ? ಪೊಲೀಸ್ನೋರಿಗೆ ಹೇಳೋಣ ಅಂದ್ರೆ ಅವರೇ ಅವನ ಜೊತೆ ಟೀ ಕುಡಿಯೋರು. ಸಿದ್ದಣ್ಣಂಗೆ ಹೇಳಬಾರ್ದು ಅಂತಿದ್ದೆ, ಹೆಂಗೋ ಗೊತ್ತಾಗಿ ಸಂತೆ ದಿನ ತಾನೇ ಬಂದ. ಮದುವೆಗೆ ಬಂದೋನಂಗೆ ಬಿಳಿ ಪಂಚೆ, ಬಿಳಿ ಅಂಗಿ. ಕೊರಡಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಒಂದು ಕೊಚ್ಚವ್ವ, ಗಂಜಿ ಇರೋದು" ಅಂದ. ಕೊಚ್ಚಿ ಕೊಟ್ಟೆ. ಕುಡೀತಾ ಇದ್ದ. ಮಟಮಟ ಮಧ್ಯಾಹ್ನ. ಆ ಕಡೆಯಿಂದ ಗೋವಿಂದ ಬಂದ, ಹಿಂದೆ ಇಬ್ರು. ಮಾತಿಲ್ಲ ಕತೆಯಿಲ್ಲ, ನನ್ನ ಎಳನೀರು ರಾಶಿಗೆ ಒಂದು ಒದೆ ಕೊಟ್ಟ. ಉರುಳ್ಕೊಂಡು ಹೋಗಿ ಬಸ್ಸಿನ ಚಕ್ರದಡಿ ಸೇರ್ಕೊಂಡ್ವು. ಒಂದು ಪಟ್ ಅಂತ ಒಡೀತು.

"ಆ ಎಳನೀರೆಲ್ಲ ಆಯ್ದು ಹಾಕು" ಅಂದ ನಮ್ಮಣ್ಣ, ಕೂತಲ್ಲೇ.

"ಯಾವನ್ಲಾ ನೀನು?"

"ಅವಳಣ್ಣ ಕಣ್ಲಾ."

"ಅಣ್ಣ ಆದ್ರೆ ಮನೇಗ್ ಕರ್ಕೊಂಡೋಗ್ಲಾ!"

ಸಿದ್ದಣ್ಣ ಎದ್ದ. ಪಂಚೆ ಮೇಲೆತ್ತಿ ಕಟ್ಟಿದ. ಆಮೇಲೆ, ನೋಡು, ಬಗ್ಗಿ ನೆಲ ಮುಟ್ಟಿ ಹಣೆಗೆ ಇಟ್ಕೊಂಡ. ಡೀಸೆಲ್ಲು, ಬೀಡಿ ತುಂಡು, ಎಲೆಅಡಿಕೆ ಉಗುಳು ಬಿದ್ದಿರೋ ಆ ನೆಲಾನ! ಹಿಂದಿದ್ದ ಇಬ್ರೂ ಕಿಸಕ್ ಅಂತ ನಕ್ರು. ನಗು ಮುಗಿಯೋದ್ರೊಳಗೆ ಗೋವಿಂದನ ಸೊಂಟಕ್ಕೆ ಕೈ ಹಾಕಿ ಎತ್ತಿ, ದಬ್ ಅಂತ ಅಂಗಾತ ಹಾಕಿದ. ಧೂಳೆದ್ದೋಯ್ತು. ಆ ಇಬ್ರೂ ಎರಡು ಹೆಜ್ಜೆ ಹಿಂದಕ್ಕೆ ಹೋದ್ರು. ಸುಳ್ಳು ಹೇಳಾಕಿಲ್ಲ, ನನ್ನ ಎದೆ ಉಬ್ಬಿತು. ಗರಡಿ ಸುಳ್ಳಲ್ಲ ಕಣವ್ವ, ಅಷ್ಟು ಹೊತ್ತಿಗೆ ಗರಡಿ ನಿಜ.

ಆಮೇಲೆ ಅವನು ಕೈ ಬುಟ್ಬುಟ್ಟ. ಎದೆ ಮೇಲೆ ಮಂಡಿ ಊರಿದ್ದೋನು ಎದ್ದು ನಿಂತು ಜನದ ಕಡೆ ತಿರುಗಿದ. ಯಾರ್ನ ಹುಡುಕ್ತಿದ್ದ ಗೊತ್ತಾ? ಚಿತ್ ಅನ್ನೋರ್ನ. ಅಲ್ಲಿ ಯಾರವ್ವ ಇದ್ರು? ಕಂಡಕ್ಟ್ರು, ಕಡ್ಲೆಕಾಯಿಯೋನು, ಬಸ್ಸಿಗೆ ಕಾಯೋರು, ಎಲ್ಲ ಬಾಯಿ ಬುಟ್ಕೊಂಡು ನೋಡೋರೇ. ತಿರುಗ್ದ, ಬಗ್ಗಿದ, ಗೋವಿಂದನ ಕಡೆ ಕೈ ಚಾಚಿದ, ಎದ್ದೇಳು ಅಂತ. ಬ್ಯಾಡ ಅಣ್ಣೋ ಅಂತ ನಾನು ಕೂಗ್ದೆ. ಗೋವಿಂದ ಒಂದು ಕೈಲಿ ಅವನ ಕೈ ಹಿಡ್ಕೊಂಡ, ಇನ್ನೊಂದು ಕೈಲಿ ಜಲ್ಲಿಕಲ್ಲು ತಕ್ಕೊಂಡು ಕಿವಿ ಮೇಲೆ ಹಾಕಿದ. ಅಷ್ಟು ದೊಡ್ಡ ಆಳು, ಚೀಲ ಕುಸ್ದಂಗೆ ಕುಸಿದು ಕೂತ್ಬುಟ್ಟ.

ಕೊರಡಿನ ಮೇಲೆ ಮಚ್ಚಿತ್ತು. ನಂಗೂ ಅದಕ್ಕೂ ಎಷ್ಟು ದೂರವೋ, ಗೋವಿಂದಂಗೂ ಅಷ್ಟೇ ದೂರ. ಅವನು ಅದರ ಕಡೆ ನೋಡ್ಲೇ ಇಲ್ಲ, ನಮ್ಮಣ್ಣನ್ನೇ ನೋಡ್ತಿದ್ದ. ಆದ್ರೆ ಬಲಗಡೆ ಬುಜ ಕೊರಡಿನ ಕಡೆ ಹೊರಡ್ತು. ನಂಗೆ ಕಾಣ್ತು. ನಮ್ಮಪ್ಪ ಹೇಳ್ಕೊಟ್ಟಿದ್ರಲ್ಲಿ ಅವತ್ತು ಕೆಲಸಕ್ಕೆ ಬಂದಿದ್ದು ಅದೊಂದೇ, ಬಾಕಿ ವರಸೆ ಎಲ್ಲ ಮರ್ತೇ ಹೋಯ್ತು. ಹಿತ್ಲಲ್ಲಿ ಒಂದೇಟು ಆದ್ಮೇಲೆ ಎದುರಿಗಿರೋರು ಕಾಯ್ತಾರೆ. ಅಲ್ಲಿ ಕಾಯೋರು ಯಾರು? ಮೇಲೆ ಬಿದ್ದೆ. ಅವನಿಗೆ ಹಿಡಿ ಸಿಕ್ತು, ನಂಗೆ ಅಲಗು ಸಿಕ್ತು. ಹಿಡ್ಕೊಂಡೆ. ಅವನು ಎಳೆದ, ನಾನು ಬುಡ್ಲಿಲ್ಲ. "ಬುಡೇ! ಬುಡೇ ಮುಂಡೆ, ಕೈ ಓಯ್ತದೆ!" ಅಂತಾನೆ. ಅವನೇ ಹೆದರ್ಕೊಂಡು ಕಿರುಚ್ತಾವ್ನೆ! "ಓಗ್ಲಿ ಕಣ್ಲಾ" ಅಂದೆ. ರಕ್ತ ಮೊಣಕೈ ತನಕ ಇಳೀತು, ಸೀರೆ ಎಲ್ಲ ಆಯ್ತು. ನಾನು ಅವನ ಕಣ್ಣು ಬುಟ್ಟು ಬೇರೆ ಕಡೆ ನೋಡ್ಲಿಲ್ಲ. ಕೊನೆಗೆ ಅವನೇ ಹಿಡಿ ಬುಟ್ಟ. ಹಿಂದಿದ್ದ ಇಬ್ರು ಆಗ್ಲೇ ಪರಾರಿ. ಆವಾಗ ಬಂದ್ರು ನೋಡು ಜನ, "ಅಯ್ಯೋ ಅಕ್ಕ, ಅಯ್ಯೋ ಅಕ್ಕ" ಅಂತ.

ಆಸ್ಪತ್ರೇಲಿ ನಮ್ಮಿಬ್ರಿಗೂ ಅಕ್ಕಪಕ್ಕ ಮಂಚ. ತಲೆ ತುಂಬ ಬಟ್ಟೆ ಕಟ್ಟಿಸ್ಕೊಂಡು ಸಿದ್ದಣ್ಣ ಮಗು ಥರ ಕೇಳ್ತಾನೆ, "ಅವನ ಬೆನ್ನು ನೆಲಕ್ಕೆ ತಾಗಿತ್ತು ಅಲ್ವೇನವ್ವ? ನೀನೇ ನೋಡ್ದಲ್ಲ?" ತಾಗಿತ್ತು ಕಣಣ್ಣ ಅಂದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಪೂರ್ತಿ ಬೆನ್ನು ತಾಗಿತ್ತು ತಾನೆ?" ತಾಗಿತ್ತು, ಪೂರ್ತಿ ತಾಗಿತ್ತು. ಹೊಲಿಗೆ ಬಿಚ್ಚೋ ಮುಂಚೇನೇ ನಾನು ಎಡಗೈಗೆ ಬಟ್ಟೆ ಸುತ್ಕೊಂಡು ಅದೇ ಮರದಡಿ ಕೂತೆ, ಎಳನೀರ ಪಾದದಲ್ಲಿ ಒತ್ತಿ ಹಿಡ್ಕೊಂಡು ಬಲಗೈಲಿ ಕೊಚ್ಚೋದು ಕಲ್ತೆ. ಗೋವಿಂದ ಆಮೇಲೆ ಸ್ಟಾಂಡಿಗೆ ಹಿಂದಿನ ಗೇಟಿಂದ ಬತ್ತಿದ್ದ. ಸಿದ್ದಣ್ಣಂಗೆ ಮಾತ್ರ ಏಟು ಬಿದ್ದ ಕಿವಿ ಮತ್ತೆ ಕೇಳ್ಲಿಲ್ಲ, ಅವನು ಗರಡಿ ಮಣ್ಣಿಗೂ ಮತ್ತೆ ಇಳೀಲಿಲ್ಲ.

ಕರಾಟೆಗೆ ಹೋಗು ಕಣವ್ವ, ಬ್ಯಾಡ ಅನ್ನಾಕಿಲ್ಲ, ಮೈ ಗಟ್ಟಿಯಾಯ್ತದೆ, ಭಯ ಬುಡ್ತದೆ. ಬೀದೀಲಿ ಬಿದ್ದೋನು ಸೋತೆ ಅಂತ ಒಪ್ಕೊಳ್ಳಾಕಿಲ್ಲ, ಅಷ್ಟು ತಿಳ್ಕೊ. ಕೆಡವಿದ್ಯಾ, ಓಡು. ಕೂಗ್ಕೊಂಡು ಓಡು, ನಿಂತ್ಕೊಂಡು ಮೆರೀಬ್ಯಾಡ. ಇವತ್ತು ಮದ್ದೂರಲ್ಲಿ ಎಳನೀರು ಮಂಡಿ ನಂದು, ಎರಡು ಲಾರಿ ನಂದು, ನೀವು ಕೂತಿರೋ ಈ ಜಗಲಿ ನಂದು. ಅದಕ್ಕೆ ನಾನು ಕೊಟ್ಟಿದ್ದು ಮಡಚಾಕೆ ಬರ್ದಿರೋ ಈ ಎರಡು ಬೆರಳು. ನಮ್ಮಣ್ಣ ಕೊಟ್ಟಿದ್ದು ಒಂದು ಕಿವಿ, ಅವನ ಗರಡಿ. ಬೆರಳಿಗೆ ನಾನು ಅತ್ತಿಲ್ಲ.