ಕುಂಕುಮ ಹಚ್ಚಿದ ಸುರುಳಿ

ಇದನ್ನು ಅಳಿಸಿದರೆ ಯಾರಿಗೆ ನಷ್ಟ? ಟೇಪಿನ ಡಬ್ಬಿಯ ಮೇಲೆ ಹೆಸರಿಲ್ಲ, ಮೂಲೆಯಲ್ಲಿ ಕಂದಿದ ಕುಂಕುಮದ ಬೊಟ್ಟೊಂದಿದೆ, ಅಷ್ಟೆ. ಆದರೂ ಕೈ ಯಾಕೆ ಹಿಂಜರಿಯುತ್ತಿದೆ? ನಾಳೆ ನಮ್ಮ ಜಾಹೀರಾತಿನ ವ್ಯಾನು ಹೊಸ ಚಹಾಪುಡಿಯನ್ನು ಸಾರುತ್ತ ದುರ್ಗದಬೈಲಿನ ಪೇಟೆಗೆ ಹೋಗಬೇಕು. ಧ್ವನಿ ತುಂಬಲು ಖಾಲಿ ಟೇಪಿಲ್ಲ. ಹೊಸದು ಮುಂಬೈಯಿಂದ ಬರಬೇಕು, ಬರುವುದು ಅಪರೂಪ. ಹಾಗಾಗಿ ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ತುಂಬುವುದು ಕಂಪನಿಯ ರೂಢಿ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದೇ ಬಿ.ಎ. ಮುಗಿಸಿ ಬಂದ ನನಗೆ ಸಿಕ್ಕ ನೌಕರಿ.

ಹೊರಗೆ ಬಿಡದ ಮಳೆ. ಮನೆಗೆ ಹೋಗಲಾರದೆ ನಾನು, ಮೆಕ್ಯಾನಿಕ್ ಶಾಂತಯ್ಯ, ವ್ಯಾನಿನ ಹಳೆಯ ಡ್ರೈವರ್ ಗುಲಾಬಸಾಬ ಕಂದೀಲಿನ ಸುತ್ತ ಕುಳಿತಿದ್ದೆವು. ನನ್ನ ಕೈಯಲ್ಲಿದ್ದ ಡಬ್ಬಿಯನ್ನು ಕಂಡು ಗುಲಾಬಸಾಬರು ಬೀಡಿ ಆರಿಸಿದರು.

"ಅದನ್ನ ಕೆಳಗ ಇಡ್ರಿ, ಬಿ.ಎ. ಸಾಹೇಬ್ರ."

"ಯಾಕ ಕಾಕಾ, ಅದರಾಗ ದೆವ್ವ ಐತೇನು?" ಶಾಂತಯ್ಯ ನಕ್ಕ. "ಇದ್ರ ಚಹಾಪುಡಿ ಅದರ ಕಡಿಂದನ ಮಾರಸೋಣು. ಪಗಾರ ಕೇಳಂಗಿಲ್ಲ."

"ನಗಪಾ, ನಗು. ನೀ ಆವಾಗ ಇದ್ದಿಲ್ಲ..." ಎಂದು ಮುದುಕರು ಶುರು ಮಾಡಿದರು.

"ಅರವತ್ತೊಂದರ ಮಾತು. ಸಾಹೇಬ್ರ, ನೀವು ಕುಂತ ಕುರ್ಚಿಮ್ಯಾಗ ಬಿಂದುಮಾಧವರಾಯ್ರು ಕುಂದರ್ತಿದ್ರು. ಛಲೋ ಮನಷ್ಯಾ, ಆದ್ರ ಯಾರಿಗೂ ಇಲ್ಲ ಅನ್ನಾಕ ಅವರಿಗೆ ಬಾಯಿ ಬರ್ತಿದ್ದಿಲ್ಲ. ಜಾಹೀರಾತಿಗೆ ದನಿ ಕೊಡಾಕಿ ತಾರಾಬಾಯಿ, ನಾಟಕದಾಗ ಪಾರ್ಟು ಮಾಡಿದಾಕಿ... ಆಕಿ ದನಿ ಬಂತಂದ್ರ ಬಜಾರದಾಗ ಟಾಂಗಾದ ಕುದುರಿ ಸುದ್ದಾ ಕಿವಿ ನಿಮಿರಸ್ತಿದ್ವು. ಆಕಿಗೆ ಎದಿ ಬ್ಯಾನಿ ಹತ್ತಿತು. ಕಡೀ ಸಲ ಬಂದಾಗ ಸಾಬಾಣದ ಜಾಹೀರಾತು ಹೇಳಿ, ಉಳದ ಟೇಪಿನ್ಯಾಗ ಮಗಳಿಗಂತ ನಾಕು ಮಾತು ಹೇಳಿದ್ಲು. ಮಗಳು ಮಂದಾಕಿನಿ, ಬೆಳಗಾವ್ಯಾಗ ಓದಾಕತ್ತಿದ್ಲು. ಏನು ಹೇಳಿದ್ಲೋ... ತಾಯಿ-ಮಗಳ ಮಾತು ಅಂತ ರಾಯ್ರು ಹೊರಗ ಎದ್ದು ಬಂದಿದ್ರು. ವಾರದಾಗ ತಾರಾಬಾಯಿ ಹೋದ್ಲು.

"ಮಗಳು ಬಂದು, 'ಈಗ ಕೇಳಿದ್ರ ನನಗ ತಡಕೊಳ್ಳಿಕ್ಕೆ ಆಗೂದಿಲ್ರಿ ಕಾಕಾ, ಪರೀಕ್ಷಾ ಮುಗಿಸಿ ಬರ್ತೇನಿ, ಇಟ್ಟಿರ್ರಿ' ಅಂದ್ಲು. ಇಡ್ತೇನವ್ವಾ ಅಂದ್ರು ರಾಯ್ರು. ಅಳಸಬಾರದು ಅನ್ನೂ ಗುರ್ತಿಗೆ ಆ ಡಬ್ಬಿಗೆ ಒಂದು ಕುಂಕುಮದ ಬೊಟ್ಟು ಹಚ್ಚಿದ್ರು. ಅಷ್ಟರಾಗ ಖಂಡೇನವಮಿ ಬಂತು. ಮಶೀನಿಗೆ ಪೂಜಿ, ಗಾಡಿಗೆ ಪೂಜಿ, ಸ್ಪೀಕರಿಗೆ ಪೂಜಿ... ರಾಯ್ರು ಮಡಿ ಉಟ್ಟು, ತಾಟು ಹಿಡದು, ಕಪಾಟಿನ್ಯಾಗಿನ ಎಲ್ಲಾ ಡಬ್ಬಿಗೂ ಕುಂಕುಮ ಹಚ್ಚಿಬಿಟ್ರು! ತಾವ ಇಟ್ಟ ಗುರ್ತು ತಾವ ಕಳದ್ರು. ಇನ್ನ ಯಾವುದು ಉಳಸೂದು, ಯಾವುದು ಅಳಸೂದು? ಎರಡು ದಿನದಾಗ ಅರಿವಿ ಅಂಗಡಿ ಜಾಹೀರಾತು ಬಂತು, ಮಾಲಕರು ಲಗೂ ಲಗೂ ಅಂತ ತಲಿಮ್ಯಾಗ ನಿಂತ್ರು. ರಾಯ್ರು ಒಂದು ಸುರುಳಿ ಹಚ್ಚಿ ಮುಂದಿಂದಷ್ಟ ಕೇಳಿದ್ರು. ಸಾಬಾಣದ್ದು ಹಿಂತಾವು ಭಾಳ ಅದಾವ, ಹೋಗ್ಲಿ ಅಂತ ಇಡೀ ಸುರುಳಿ ಅಳಸಿದ್ರು. ತುದಿಗೇನೈತಿ ಅಂತ ನೋಡಲಿಲ್ಲ.

"ಗೊತ್ತಾದದ್ದು ಮಂದಾಕಿನಿ ಬಂದ ದಿನಾ. ಒಂದೊಂದ ಸುರುಳಿ ಹುಡಿಕ್ಯಾಡಿ, ರಾಯ್ರ ಮಾರಿ ಬೆಳ್ಳಗಾತು. ನಾ ಇದ ಬಾಗಲದಾಗ ನಿಂತಿದ್ದೆ. ಹೇಳಿಬಿಡಬೇಕಿತ್ತೋ ಇಲ್ಲೋ? ಆ ಹುಡುಗಿ ಅಳ್ತಿದ್ಲು, ಬೈತಿದ್ಲು... ಮನಿಗೆ ಹೋಗ್ತಿದ್ಲು. ಇವರು ಏನ ಮಾಡಿದ್ರು? ಅಳಸಿದ ಖಾಲಿ ತುದೀನ ಹಚ್ಚಿ, ಹೆಡ್‌ಫೋನು ಆಕಿ ಕೈಯಾಗ ಕೊಟ್ರು. ಟೇಪು ಕೆಟ್ಟೈತಿ ಅಂದುಕೊಂಡು ಹೋಗ್ತಾಳ ಅಂತ.

"ಆಕಿ ಕಣ್ಣು ಮುಚ್ಚಿದ್ಲು. ಮಾರಿ ಅರಳಿತು. 'ಹೂಂ, ಅವ್ವಾ' ಅಂದ್ಲು... ಸುರುಳಿ ತಿರಗಾಕತ್ತೈತಿ, ಮಶೀನಿನ್ಯಾಗ ದನಿ ತೋರಸೂ ಸೂಜಿ ಮಾತ್ರ ಅಲಗಾಡವಲ್ದು. 'ಅಲ್ಲೆ ಅಷ್ಟು ಥಂಡಿ ಅದ ಏನವ್ವಾ? ಒಬ್ಬಾಕಿನ ಇದ್ದೀಯೇನು?' ಅಂದ್ಲು. ಆಮ್ಯಾಗ, ಸಣ್ಣ ದನ್ಯಾಗ, 'ಬರ್ತೇನಿ' ಅಂದ್ಲು. ರಾಯ್ರ ಕಾಲು ಮುಟ್ಟಿ, ಭಾಳ ಉಪಕಾರ ಆತ್ರಿ ಅಂದು ಹೋದ್ಲು. ರಾಯ್ರು ಆಕಿ ಹಿಂದ ಬಾಗಲತನಾ ಹೋಗಿ ಹೊಳ್ಳಿ ಬಂದ್ರು. ಮರುದಿನಾ ಉಣಕಲ್ ಕೆರ್ಯಾಗಿಂದ ಆಕಿ ಹೆಣಾ ತಗದ್ರು."

ಶಾಂತಯ್ಯ ಕಂದೀಲಿನ ಬತ್ತಿ ಏರಿಸಿದ.

"ರಾಯ್ರು ಉಳದ ಡಬ್ಬಿ ಕುಂಕುಮ ಒರಸಿ, ಇದರ ಬೊಟ್ಟೊಂದ ಉಳಿಸಿದ್ರು. ಆವತ್ತಿಂದ ಆ ಸುರುಳ್ಯಾಗ ಏನ ತುಂಬಿದ್ರೂ, ಮಾತಿನ ನಡಕ ಉಸರು ಕೇಳಸ್ತೈತಿ. ಮೊದಲು ತಾಯಿದು, ಅದರ ಬೆನ್ನಿಗೆ ಮಗಳದು. ರಾಯ್ರು ಊಟಾ ಬಿಟ್ಟು ಅದನ್ನ ಕೇಳ್ಕೋತ ಕುಂದರ್ತಿದ್ರು. ಒಂದು ಮುಂಜಾನಿ ಅವರೂ 'ಬರ್ತೇನಿ' ಅಂದು ಎದ್ದು ಹೋದ್ರು. ಎಲ್ಲಿಗೆ ಅಂತ ಕೇಳಬ್ಯಾಡ್ರಿ... ಈಗ ಅದರಾಗ ಮೂರು ಉಸರು ಅದಾವ, ಸಾಹೇಬ್ರ. ಬೇಕಂದ್ರ ಹಚ್ಚಿ ಕೇಳ್ರಿ. ಆದ್ರ ಅವು ಏನರ ಅಂದ್ರ, ನೀವು ಮಾತ್ರ ಹೂಂ ಅನಬ್ಯಾಡ್ರಿ."

ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ. ಮಳೆ ಸಣ್ಣದಾಗಿತ್ತು. ಅವರಿಬ್ಬರೂ ಕೊಡೆ ಬಿಚ್ಚಿ ಹೊರಟರು.

ಆ ಮಧ್ಯಾಹ್ನವೇ ನಾನು ಆ ಸುರುಳಿಯನ್ನು ಹಚ್ಚಿ ಕೇಳಿದ್ದೆ. ಹೂಂ ಎಂದಿದ್ದೆ. ಅದನ್ನು ಗುಲಾಬಸಾಬರಿಗೆ ಹೇಳಲಿಲ್ಲ.