ಬೆಡ್‌ಶೀಟಿನ ಆಚೆ ತುದಿ

ಬಸ್ಸಿಗೆ ಕಾಯುವ ಸಾಲಿನಲ್ಲಿ ದರ್ಜಿಯೊಬ್ಬನ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ಕಿರಿಯಳು ಹೋಟೆಲಿನ ಸಮವಸ್ತ್ರದಲ್ಲಿ, ಹಿರಿಯಳು ಮನೆಯ ಬಟ್ಟೆಯಲ್ಲಿ.

“ಹೋಟೆಲು ಮತ್ತೆ ತುಂಬಿದ್ಯಂತೆ?”

“ಹೊರದೇಶದವ್ರೆಲ್ಲ ವಾಪಸ್ ಬರ್ತಿದಾರೆ ಅಕ್ಕ. ಒಂದು ರೂಮೂ ಖಾಲಿ ಇಲ್ಲ.”

“ಹಾಗಾದ್ರೆ ನನ್ನನ್ನೂ ಮತ್ತೆ ಕೆಲಸಕ್ಕೆ ಕರೀತಾರೆ ಬಿಡು. ಬೆಡ್‌ಶೀಟಿನ ಆಚೆ ತುದಿ ಹಿಡಿಯೋಕೆ ಒಬ್ರು ಬೇಕಲ್ವಾ?”

ಕಿರಿಯಳು ಬಸ್ಸು ಬರುವ ದಾರಿ ನೋಡಿದಳು.

“ಗಿರಾಕಿ ಇಲ್ದಾಗ ಒಬ್ಬೊಬ್ರೇ ಹಾಸಿಗೆ ಹಾಸಿ ತೋರಿಸಿದ್ವಲ್ಲ, ಅದೇ ಖಾಯಂ ಆಯ್ತಕ್ಕ.”

“ನಿನ್ನ ಸೊಂಟ?”

“ಅದನ್ಯಾರು ಕೇಳ್ತಾರೆ? ಈಗ್ಲೂ ಬೆಡ್‌ಶೀಟ್ ಕೊಡವಿದಾಗೆಲ್ಲ ‘ಹಿಡ್ಕೊ ಅಕ್ಕ’ ಅಂದ್ಬಿಡ್ತೀನಿ.”

ಹಿರಿಯಳು ಕಿರಿಯಳ ಕಾಲರನ್ನು ನೇರ ಮಾಡಿದಳು.

ಬಸ್ಸು ಬಂತು. ಕಿರಿಯಳು ಹತ್ತಿದಳು. ಹಿರಿಯಳು ಸಾಲು ಬಿಟ್ಟು, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದಳು. ಅವಳು ಬಸ್ಸಿಗೆಂದು ನಿಂತವಳೇ ಅಲ್ಲವೆಂದು ದರ್ಜಿಗೆ ಆಗ ಹೊಳೆಯಿತು.